ಮೂರು ಸೆಕೆಂಡಿನ ಗೆರೆ

ನನ್ನ ಅಣ್ಣನ ಕೈಯ ವೇಗವನ್ನು ಅಳೆಯುವ ಕೆಲಸ ನನ್ನದಾಗಿತ್ತು. ಅದಕ್ಕೊಂದು ಕರಿ ಡಬ್ಬಿ ಇತ್ತು, ಅಂಗೈಯಲ್ಲಿ ಹಿಡಿಸುವಷ್ಟು. ಗುಂಡಿ ಒತ್ತಿದರೆ ಸ್ವಲ್ಪ ಹೊತ್ತು ಸುಮ್ಮನಿದ್ದು, ನಾವು ಮೈಮರೆತಾಗ ಬೀಪ್ ಎಂದು ಕಿರುಚುತ್ತಿತ್ತು. ಆಮೇಲೆ ಗುಂಡು ಹಾರಿದ ಸದ್ದನ್ನು ತಾನೇ ಕೇಳಿಸಿಕೊಂಡು, ನಡುವೆ ಎಷ್ಟು ಸೆಕೆಂಡು ಹಿಡಿಯಿತು ಎಂದು ಸಣ್ಣ ಪರದೆಯ ಮೇಲೆ ತೋರಿಸುತ್ತಿತ್ತು. ಅಣ್ಣ ಬಂದೂಕು ಎತ್ತಿ ಹೊಡೆಯಬೇಕು, ನಾನು ಅಂಕಿ ಓದಿ ಹೇಳಬೇಕು. ಏಳನೇ ಇಯತ್ತೆಗೆ ಶಾಲೆ ಬಿಟ್ಟ ನನಗೆ ಇಂಗ್ಲಿಷ್ ಅಕ್ಷರ ಕೂಡಿಸಿ ಓದುವುದು ಕಷ್ಟವಾದರೂ ಅಂಕಿ ಓದಲು ಬರುತ್ತಿತ್ತು. ಅಷ್ಟು ಸಣ್ಣ ಕೆಲಸವನ್ನೂ ನಾನು ನೆಟ್ಟಗೆ ಮಾಡಲಿಲ್ಲ. ಅದರಿಂದ ಅಣ್ಣನಿಗೆ ಏನಾಯಿತು ಎಂಬುದನ್ನು ಬರೆಯಲು ಕೂತಿದ್ದೇನೆ. ಅವನೊಬ್ಬ ಅಂಜುಬುರುಕ ಎಂದು ತಿಳಿದವರು ಅಟ್ಲಾಂಟಾದ ಸುತ್ತಮುತ್ತ ಇನ್ನೂ ಇದ್ದಾರೆ. ಬಹಳ ದಿನ ಅವರಲ್ಲಿ ಅವನೂ ಒಬ್ಬನಾಗಿದ್ದ.

ಅಣ್ಣ ನನಗಿಂತ ಬಹಳ ದೊಡ್ಡವನು. ನಾನು ನಡೆಯಲು ಕಲಿತದ್ದು ಅವನ ಬೆರಳು ಹಿಡಿದು. ಬಟ್ಟೆ ಗಿರಣಿಯ ಎಂಜಿನಿಯರಿಂಗ್ ಓದಿ, ಸೌತ್ ಕ್ಯಾರೊಲಿನಾದ ಒಂದು ಗಿರಣಿಯಲ್ಲಿ ನೂಲಿನ ಯಂತ್ರಗಳನ್ನು ನೋಡಿಕೊಂಡಿದ್ದ. ನನ್ನ ಗಂಡ ತೀರಿಕೊಂಡ ಮೇಲೆ ಗದಗಿನಲ್ಲಿ ಅವ್ವನ ಜೊತೆ ಇದ್ದ ನನ್ನನ್ನು ಕರೆಸಿಕೊಳ್ಳಲು ಅವನು ಹಾಕಿದ ಅರ್ಜಿ ವರ್ಷಗಟ್ಟಲೆ ಸರತಿಯಲ್ಲಿ ನಿಂತಿತ್ತು. ಕೊನೆಗೆ ತೊಂಬತ್ತರ ದಶಕದ ಮೊದಲಲ್ಲಿ ನಾನು ಬಂದಿಳಿದಾಗ ಅವ್ವ ಇರಲಿಲ್ಲ, ಅಣ್ಣನ ಗಿರಣಿಯೂ ಇರಲಿಲ್ಲ. ಯಂತ್ರಗಳನ್ನು ಬಿಚ್ಚಿ ಹಡಗಿಗೆ ಹಾಕಿ ಬೇರೆ ದೇಶಕ್ಕೆ ಕಳಿಸಿದ್ದರು. ಬಿಚ್ಚುವ ಕೆಲಸಕ್ಕೆ ನಿಂತವರಲ್ಲಿ ಅಣ್ಣನೇ ಕೊನೆಯವನು. ಆಮೇಲೆ ಅವನು ಜಾರ್ಜಿಯಾದ ಲಾರೆನ್ಸ್‌ವಿಲ್‌ಗೆ ಬಂದು, ಪೆಟ್ರೋಲ್ ಪಂಪಿಗೆ ಅಂಟಿಕೊಂಡ ಒಂದು ಅಂಗಡಿ ಹಿಡಿದಿದ್ದ. ಹಾಲು, ಬ್ರೆಡ್ಡು, ಸಿಗರೇಟು, ಲಾಟರಿ ಚೀಟಿ, ಕಾಫಿ. ವೈನಿ, ಅಂದರೆ ಅಣ್ಣನ ಹೆಂಡತಿ, ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸಕ್ಕೆ ಹೋಗುತ್ತಿದ್ದಳು. ಹೀಗಾಗಿ ಅಂಗಡಿಯಲ್ಲಿ ಅಣ್ಣ ಮತ್ತು ನಾನು, ಇಬ್ಬರೇ.

ಗಲ್ಲಾದ ಹಿಂದೆ ನಿಂತ ಅಣ್ಣನನ್ನು ನೋಡಿದರೆ ನನಗೆ ಮರುಕವಾಗುತ್ತಿತ್ತು. ಗಿರಣಿಯಲ್ಲಿ ನೂರಾರು ಜನ ಅವನನ್ನು ಸರ್ ಅನ್ನುತ್ತಿದ್ದರಂತೆ. ಇಲ್ಲಿ ಚಡ್ಡಿ ಹಾಕಿಕೊಂಡು ಬಂದ ಹುಡುಗರು ಚಿಲ್ಲರೆಯನ್ನು ಗಾಜಿನ ಮೇಲೆ ಉರುಳಿಸಿ ಹೋಗುತ್ತಿದ್ದರು. ಅವನು ಒಂದೊಂದೇ ಹೆಕ್ಕಿ ಎಣಿಸುತ್ತಿದ್ದ. ಕಾಫಿ ಯಂತ್ರ ಕೆಟ್ಟರೆ ಮಾತ್ರ ಅವನ ಮುಖ ಅರಳುತ್ತಿತ್ತು. ಬಿಚ್ಚಿ, ಒರೆಸಿ, ಮತ್ತೆ ಜೋಡಿಸುವವರೆಗೆ ಗಿರಾಕಿಗಳನ್ನು ನಾನೇ ನೋಡಿಕೊಳ್ಳಬೇಕು.

"ಅಣ್ಣಾ, ಅದು ನೆಟ್ಟಗಽ ಇತ್ತಲ್ಲೋ, ಯಾಕ ಬಿಚ್ಚಿದಿ?"

"ಸುಮ್ನಿರು. ಒಳಗೊಂದು ಸಣ್ಣ ಸಪ್ಪಳ ಬರಾಕತ್ತಿತ್ತು. ನಿನ್ನ ಕಿವಿಗೆ ಅದೆಲ್ಲಾ ಎಲ್ಲಿ ಕೇಳಸ್ತದ, ನೀ ಬರೇ ಮಂದಿ ಮಾತು ಕೇಳಾಕಿ."

ಅದೇ ರಸ್ತೆಯಲ್ಲಿ ಮುಂದಿದ್ದ ಇನ್ನೊಂದು ಅಂಗಡಿಗೆ ಒಂದು ದಿನ ಕಳ್ಳರು ನುಗ್ಗಿ ಮಾಲೀಕನ ತಲೆ ಒಡೆದು ಹೋದರು. ಮರುದಿನವೇ ಅಣ್ಣ ಬಂದೂಕಿನ ಮಾತು ತೆಗೆದ. ವೈನಿ ಎರಡು ದಿನ ಜಗಳಾಡಿದಳು. ಕೊನೆಗೆ, "ತಗೋತೀರಿ ಅಂದ್ರ ನೆಟ್ಟಗ ಕಲತು ತಗೋರಿ. ಮಿಕ್ಸರ್ ತಗೊಂಡಂಗ ತಗೊಂಡು ಮೂಲ್ಯಾಗ ಇಡೂದಾದ್ರ ಬ್ಯಾಡಽ ಬ್ಯಾಡ," ಎಂದಳು.

ಕಲಿಸಲು ಸಿಕ್ಕವನು ದಿನಾ ಬೆಳಿಗ್ಗೆ ಕಾಫಿಗೆ ಬರುತ್ತಿದ್ದ ಒಬ್ಬ ಬಿಳಿಯ ಮುದುಕ. ಹಿಂದೆ ಸೈನ್ಯದಲ್ಲಿದ್ದವನು. ಸಕ್ಕರೆ ಐದು ಪೊಟ್ಟಣ ಹಾಕಿಕೊಂಡು, ಕಲಕದೆ ಕುಡಿಯುತ್ತಿದ್ದ. ಹೆದ್ದಾರಿಯ ಆಚೆ ಒಂದು ತಗಡಿನ ಶೆಡ್ಡಿನಲ್ಲಿ ಗುಂಡು ಹೊಡೆಯುವ ರೇಂಜ್ ಇತ್ತು. ಭಾನುವಾರ ಬೆಳಿಗ್ಗೆ ಅಂಗಡಿ ತಡವಾಗಿ ತೆರೆಯುತ್ತಿದ್ದೆವು. ಆ ಹೊತ್ತಿನಲ್ಲಿ ಅಲ್ಲಿಗೆ ಹೋಗುವುದು ಎಂದಾಯಿತು. ಅಣ್ಣ ಒಬ್ಬನೇ ಹೋಗಲು ನಾಚಿಕೊಂಡು ನನ್ನನ್ನೂ ಎಬ್ಬಿಸಿಕೊಂಡು ಹೋದ.

ಮುದುಕ ಕಲಿಸಿದ್ದು ಒಂದೇ ಪಾಠ. ಮುಂದಿನ ಮೇಜಿನ ಅಂಚಿಗೆ ನಮ್ಮ ಗಲ್ಲಾದ ಕೆಳಗಿರುವಂಥದೇ ಒಂದು ಹಲಗೆಯನ್ನು ಅಣ್ಣನ ಕೈಯಲ್ಲೇ ಮಾಡಿಸಿದ. ಹಲಗೆಯ ಮೇಲೆ ರಿವಾಲ್ವರು. ಎರಡೂ ಕೈ ಮೇಜಿನ ಮೇಲೆ, ಚಿಲ್ಲರೆ ಎಣಿಸುವ ಹಾಗೆ. ಎದುರಿಗೆ ಅಂಗಡಿಯ ಬಾಗಿಲಷ್ಟು ದೂರದಲ್ಲಿ ಊಟದ ಕಾಗದದ ತಟ್ಟೆ ಅಂಟಿಸಿದ್ದರು. ಬೀಪ್ ಆದ ಕೂಡಲೇ ಕೈ ಇಳಿಸಿ, ಬಂದೂಕು ಎತ್ತಿ, ತಟ್ಟೆಗೆ ಎರಡು ಗುಂಡು. ಮತ್ತೆ ಅದೇ. ಮತ್ತೆ ಅದೇ. ಕಿವಿಗೆ ದಪ್ಪ ಗವಸು, ಕಣ್ಣಿಗೆ ದೊಡ್ಡ ಕನ್ನಡಕ. ಓದುವ ಕನ್ನಡಕ ತೆಗೆದಿಟ್ಟಿರುತ್ತಿದ್ದ ಅಣ್ಣನಿಗೆ ಡಬ್ಬಿಯ ಅಂಕಿ ಕಾಣುತ್ತಿರಲಿಲ್ಲ, ನಾನು ಕೂಗಿದರೆ ಕೇಳುತ್ತಿರಲಿಲ್ಲ. ಹಾಗಾಗಿ ನಾನು ಬೆರಳು ತೋರಿಸುತ್ತಿದ್ದೆ. ಎರಡು ಸೆಕೆಂಡಿಗೆ ಎರಡು ಬೆರಳು. ಅರ್ಧಕ್ಕೆ ಒಂದು ಬೆರಳನ್ನು ಮಡಚಿ.

ಮೊದಲ ದಿನ ಹೊರಗೆ ನಿಂತು ಮುದುಕ ಅಣ್ಣನಿಗೆ ಬಹಳ ಹೊತ್ತು ಏನೋ ಹೇಳಿದ. ಕಾರಿನಲ್ಲಿ ಕೂತ ಮೇಲೆ ನಾನು ಕೇಳಿದೆ.

"ಏನಂದ ಮುದುಕ?"

"ಮೂರು ಸೆಕೆಂಡಿನ ಒಳಗ ಎರಡು ಗುಂಡು ತಟ್ಟಿಗೆ ಬಡೀಬೇಕಂತ. ಮೂರರ ಮ್ಯಾಲ ಹೋಗಾಂವ ಅಂಗಡ್ಯಾಗ ಬಂದೂಕು ಮುಟ್ಟಽ ಬಾರದು. ಗಲ್ಲಾ ತಗದು ಕೊಟ್ಟು, ಕೈ ಮ್ಯಾಲ ಎತ್ತಿ ನಿಂತುಬಿಡು ಅಂದ."

"ಮೂರರ ಒಳಗ ಬಂದ್ರ?"

"ಬಂದ್ರ ವಿಚಾರ ಮಾಡು ಅಂದ. ಮಾಡಽಬೇಕು ಅಂತಲ್ಲ. ಈ ಡಬ್ಬಿ ಕೈ ಕಲಸ್ತದ, ಕಣ್ಣು ಕಲಸೂದಿಲ್ಲ ಅಂತ. ಅಂಗಡ್ಯಾಗ ಯಾರೂ ನಿನಗ ಬೀಪ್ ಅನ್ನೂದಿಲ್ಲ ಅಂತ." ಅಣ್ಣ ನಕ್ಕ. "ಮುದುಕ ಭಾಳ ಮಾತಾಡ್ತಾನ."

ಆ ಮಾತನ್ನು ನಾನು ಕೇಳಲಿಲ್ಲ, ನನಗೆ ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ. ಮೂರರ ಗೆರೆ ಯಾಕಿದೆ ಎಂಬುದು ನನಗೆ ಮೊದಲ ದಿನದಿಂದ ಗೊತ್ತಿತ್ತು.

ಕೆಲವು ತಿಂಗಳು ಎಲ್ಲ ನೆಟ್ಟಗೆ ನಡೆಯಿತು. ಅಣ್ಣ ಯಂತ್ರದ ಮನುಷ್ಯ. ತನ್ನ ಕೈಯನ್ನೂ ಒಂದು ಯಂತ್ರದ ಹಾಗೆ ನೋಡಿದ. ಮೊಣಕೈ ಎಲ್ಲಿ ಸುಮ್ಮನೆ ಸುತ್ತುತ್ತದೆ, ಹೆಬ್ಬೆರಳು ಎಲ್ಲಿ ತಡವರಿಸುತ್ತದೆ ಎಂದು ಮನೆಯಲ್ಲಿ ಊಟದ ಮೇಜಿನ ಮುಂದೆ ಬರಿಗೈಯಲ್ಲಿ ಅಭ್ಯಾಸ ಮಾಡುತ್ತಿದ್ದ. ಚಮಚವೇ ರಿವಾಲ್ವರು. ವೈನಿ ಸಾರು ಬಡಿಸಲು ಬಂದರೆ, "ಮೊದಲು ಆ ಚಮಚ ಕೆಳಗಿಡ್ರಿ, ಆಮ್ಯಾಲ ನಾ ಹತ್ರ ಬರತೀನಿ," ಅನ್ನುತ್ತಿದ್ದಳು. ಐದರ ಮೇಲಿದ್ದವನು ನಾಲ್ಕಕ್ಕೆ ಬಂದ, ಮೂರಕ್ಕೆ ಬಂದ, ಒಂದು ಭಾನುವಾರ ಎರಡೂವರೆಗೆ ಬಂದ. ಆ ದಿನ ನಾನು ತೋರಿಸಿದ ಬೆರಳುಗಳು ಖರೇ ಬೆರಳುಗಳು. ಮುದುಕನೂ ಅಂಕಿ ನೋಡಿ ಅಣ್ಣನ ಬೆನ್ನು ತಟ್ಟಿದ. ವಾಪಸು ಬರುವಾಗ ಅಣ್ಣ ರಸ್ತೆಬದಿಯಲ್ಲಿ ಕಾರು ನಿಲ್ಲಿಸಿ ಬೇಯಿಸಿದ ಶೇಂಗಾ ಕೊಡಿಸಿದ. ಬಿಸಿ ಬಿಸಿ, ಉಪ್ಪು ನೀರು ಸೋರುವ ಪೊಟ್ಟಣ. ಇಬ್ಬರೂ ಕಾರಿನಲ್ಲೇ ಕೂತು, ಸಿಪ್ಪೆಯನ್ನು ಕಾಲ ಬುಡದಲ್ಲಿ ಉದುರಿಸುತ್ತಾ ತಿಂದೆವು. ಅಣ್ಣ ಗುನುಗುತ್ತಿದ್ದ. ನಾನು ಈ ದೇಶಕ್ಕೆ ಬಂದ ಮೇಲೆ ಅವನ ಬಾಯಲ್ಲಿ ಹಾಡು ಕೇಳಿದ್ದು ಅದೇ ಮೊದಲು. ಆಮೇಲೆ ಕಾರು ಗುಡಿಸಿದ್ದು ನಾನೇ. ಸಂತೋಷವಾಗಿ ಗುಡಿಸಿದೆ.

ಅದರ ಮುಂದಿನ ಚಳಿಗಾಲದಲ್ಲಿ ಅಣ್ಣನ ಬಲ ಭುಜ ಹಿಡಿದುಕೊಂಡಿತು. ಸಕ್ಕರೆ ಕಾಯಿಲೆ ಇದ್ದವರಿಗೆ ಬರುವಂಥದೇ, ಹೋಗಲು ವರ್ಷ ಬೇಕು ಎಂದು ವೈನಿ ಹೇಳಿದಳು. ಅಂಗಿ ತೊಡುವಾಗ ಅವನು ಹಲ್ಲು ಕಚ್ಚುವುದು ಕಾಣುತ್ತಿತ್ತು. ಆದರೂ ರೇಂಜಿಗೆ ಹೋಗುವುದು ತಪ್ಪಿಸಲಿಲ್ಲ. ಅದೇ ಸಮಯಕ್ಕೆ ಮುದುಕ ನಾರ್ತ್ ಕ್ಯಾರೊಲಿನಾದ ಮಗಳ ಮನೆಗೆ ಹೋಗಿಬಿಟ್ಟ. ಹೋಗುವಾಗ ಡಬ್ಬಿಯನ್ನು ನನ್ನ ಕೈಯಲ್ಲಿಟ್ಟು ಏನೋ ಹೇಳಿದ. ಅಣ್ಣ ಅದನ್ನು ಕನ್ನಡದಲ್ಲಿ ಹೇಳಿದ: "ಇನ್ನ ಮುಂದ ನೀನಽ ಇವನ ಗಡಿಯಾರ ಅಂತಾನ."

ಮುದುಕನಿಲ್ಲದ ಮೊದಲ ಭಾನುವಾರ ಡಬ್ಬಿಯಲ್ಲಿ ಬಂದ ಅಂಕಿ ಮೂರೂಕಾಲು. ಅಣ್ಣ ಬಂದೂಕು ಕೆಳಗಿಟ್ಟು ನನ್ನ ಕಡೆ ತಿರುಗಿದ. ಆ ದೊಡ್ಡ ಕನ್ನಡಕದ ಹಿಂದೆ ಅವನ ಕಣ್ಣು ಪರೀಕ್ಷೆ ಬರೆದು ಬಂದ ಹುಡುಗನ ಕಣ್ಣಿನ ಹಾಗಿತ್ತು. ನನ್ನ ಕೈ ತಾನಾಗಿ ಮೇಲೆದ್ದಿತು. ಎರಡು ಬೆರಳು, ಒಂದು ಮಡಚಿದ ಬೆರಳು.

ಇದನ್ನು ಯಾಕೆ ಮಾಡಿದೆ ಎಂದು ಬಹಳ ಯೋಚಿಸಿದ್ದೇನೆ. ನಮ್ಮ ಮನೆಯಲ್ಲಿ ಬಡಿಸುವವರು ರೊಟ್ಟಿಯ ಲೆಕ್ಕವನ್ನು ಯಾವತ್ತೂ ಖರೇ ಹೇಳುತ್ತಿರಲಿಲ್ಲ. ನಾಲ್ಕು ತಿಂದವನು ಎಷ್ಟಾದವು ಎಂದರೆ ಎರಡು ಎನ್ನಬೇಕು. ಸರಿಯಾದ ಲೆಕ್ಕ ಹೇಳಿದರೆ ಉಣ್ಣುವವನ ತುತ್ತು ಎಣಿಸಿದ ಹಾಗೆ. ಅವ್ವ ನನ್ನ ಕೈಗೆ ರೊಟ್ಟಿ ಬುಟ್ಟಿ ಕೊಟ್ಟ ದಿನವೇ ಇದನ್ನು ಕಲಿಸಿದ್ದಳು. ಗಂಡಸರು ಉಣ್ಣುವಾಗ ನಾನು ಹೇಳಿದ ಸುಳ್ಳು ಲೆಕ್ಕಗಳಿಗೆ ಲೆಕ್ಕವೇ ಇಲ್ಲ. ಅದು ಸುಳ್ಳು ಎಂದು ಯಾರಿಗೂ ಅನ್ನಿಸುತ್ತಿರಲಿಲ್ಲ, ಯಾಕೆಂದರೆ ಉಣ್ಣುವವನಿಗೂ ಗೊತ್ತು, ಬಡಿಸುವವಳಿಗೂ ಗೊತ್ತು. ರೇಂಜಿನಲ್ಲಿ ನಾನು ಅಣ್ಣನಿಗೆ ಬಡಿಸುತ್ತಿದ್ದೆ. ಆದರೆ ಅಲ್ಲಿ ಗೊತ್ತಿದ್ದದ್ದು ಒಬ್ಬಳಿಗೆ ಮಾತ್ರ.

ಒಂದು ವಾರ ಆದರೆ ಸಾಕು, ಭುಜ ಬಿಡುತ್ತದೆ, ಖರೇ ಅಂಕಿ ಮತ್ತೆ ಎರಡೂವರೆಗೆ ಇಳಿಯುತ್ತದೆ ಎಂದುಕೊಂಡೆ. ಇಳಿಯಲಿಲ್ಲ. ಮೂರೂವರೆ ಆಯಿತು. ಚಳಿ ಜಾಸ್ತಿ ಇದ್ದ ದಿನ ನಾಲ್ಕರ ಹತ್ತಿರ ಹೋಯಿತು. ನನ್ನ ಬೆರಳು ಮಾತ್ರ ಅಲ್ಲೇ ನಿಂತಿತ್ತು. ಅಣ್ಣ ಒಮ್ಮೆ ಕಿವಿಯ ಗವಸು ತೆಗೆದು, ಓದುವ ಕನ್ನಡಕ ಏರಿಸಿ, ಮುಖ ಗಂಟಿಕ್ಕಿ, "ಇವತ್ತ್ಯಾಕೋ ತಡ ಆದಂಗ ಅನಸ್ತು. ತಾ ನೋಡೋಣು," ಎಂದು ಡಬ್ಬಿಗೆ ಕೈ ಚಾಚಿದ. ನಾನು ಗುಂಡಿ ಒತ್ತಿ ಅಂಕಿ ಅಳಿಸಿಬಿಟ್ಟೆ.

"ಅಯ್ಯ, ಒತ್ತಿಬಿಟ್ಟೆ ನೋಡು."

"ಎಷ್ಟಿತ್ತು?"

"ಎರಡೂ ಮುಕ್ಕಾಲು."

"ನೋಡು, ನಾ ಅಂದ್ನೆಲ್ಲ ತಡ ಆತು ಅಂತ," ಎಂದು ಅವನು ಖುಷಿಪಟ್ಟ. ತನ್ನ ಅಂದಾಜು ಸರಿಯಾಗಿತ್ತಲ್ಲ ಎಂಬ ಖುಷಿ. ಆವತ್ತೂ ಶೇಂಗಾ ಕೊಡಿಸಿದ. ತಿಂದೆ.

ಬೇಸಿಗೆಯ ಒಂದು ಮಧ್ಯಾಹ್ನ. ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ, ಅಣ್ಣ ಗಲ್ಲಾದ ಹಿಂದಿದ್ದ. ನಾನು ಕಾಫಿಯ ಕಟ್ಟೆ ಒರೆಸುತ್ತಿದ್ದೆ. ಒಬ್ಬ ಯುವಕ ಒಳಗೆ ಬಂದು ಬಹಳ ಹೊತ್ತು ಐಸಿನ ಪೆಟ್ಟಿಗೆಯ ಹತ್ತಿರ ನಿಂತ. ಆ ಸೆಕೆಯಲ್ಲೂ ದಪ್ಪ ಅಂಗಿ. ಎರಡು ಸಲ ಬಾಗಿಲ ಕಡೆ ನೋಡಿದ. ನನಗೆ ಏನೋ ಸರಿಯಿಲ್ಲ ಅನ್ನಿಸಿತು, ಆದರೆ ಅಣ್ಣನನ್ನು ಕರೆಯುವಷ್ಟು ಅನ್ನಿಸಲಿಲ್ಲ. ಆ ಯುವಕ ಗಲ್ಲಾದ ಹತ್ತಿರ ಹೋಗಿ ಅಂಗಿಯೊಳಗಿಂದ ಪಿಸ್ತೂಲು ತೆಗೆದು ಅಣ್ಣನ ಎದೆಗೆ ಹಿಡಿದ.  ಅಣ್ಣ ಎಡಗೈಯಿಂದ ಗಲ್ಲಾದ ಪೆಟ್ಟಿಗೆ ತೆರೆದ. ಅಲ್ಲಿಗೆ ಮುಗಿಯಬಹುದಿತ್ತು. ಹುಡುಗ ಬಗ್ಗಿ ಗಲ್ಲಾದೊಳಗೆ ನೋಡತೊಡಗಿದ. ಆಗ ಅಣ್ಣನ ಬಲಗೈ ಕೆಳಗೆ ಇಳಿಯಿತು.

ಆ ಇಳಿಯುವಿಕೆ ನನಗೆ ಚೆನ್ನಾಗಿ ಗೊತ್ತಿತ್ತು. ಮೊಣಕೈ ಪಕ್ಕೆಗೆ ಅಂಟಿಕೊಂಡೇ ಇತ್ತು, ಹೆಬ್ಬೆರಳು ಸರಿಯಾದ ಜಾಗಕ್ಕೆ ಹೋಯಿತು. ಪ್ರತಿ ಭಾನುವಾರ ನೋಡಿದ್ದೇ. ಕೈ ಮೇಲೆ ಬರುವಾಗ ಭುಜ ಹಿಡಿದುಕೊಂಡಿತು. ಅದೂ ನೋಡಿದ್ದೇ. ಹುಡುಗ ತಲೆಯೆತ್ತಿದ. ಸದ್ದು ಬಂದದ್ದು ಅವನ ಪಿಸ್ತೂಲಿನಿಂದ. ಅಣ್ಣ ಸಿಗರೇಟಿನ ಕಪಾಟಿಗೆ ಬಡಿದು ಕೆಳಗೆ ಕೂತ. ಹುಡುಗ ಏನೂ ತೆಗೆದುಕೊಳ್ಳದೆ ಓಡಿಹೋದ.

ಗುಂಡು ಬಲತೋಳಿನಲ್ಲಿ ಹಾದು ಎಲುಬನ್ನು ಸೀಳಿತ್ತು. ಆಂಬುಲೆನ್ಸ್ ಬರುವವರೆಗೆ ನಾನು ನನ್ನ ಸೆರಗನ್ನು ಒತ್ತಿ ಹಿಡಿದಿದ್ದೆ. ಅಣ್ಣ ಬಿಳಚಿಕೊಂಡ ಮುಖದಲ್ಲಿ, "ಕಾಫಿ ಯಂತ್ರ ಆರಿಸಿ ಬಾ, ಸುಟ್ಟ ವಾಸನಿ ಬರಾಕತ್ತೈತಿ," ಎಂದ. ಜೀವಕ್ಕೆ ಏನೂ ಆಗಲಿಲ್ಲ. ಅದಕ್ಕೆ ನಾನು ಇವತ್ತಿಗೂ ದೇವರ ಮುಂದೆ ದೀಪ ಹಚ್ಚುವಾಗ ಒಂದು ಮಾತು ಹೆಚ್ಚು ಹೇಳುತ್ತೇನೆ.

ಒಂದು ತಿಂಗಳ ಮೇಲೆ ಪೊಲೀಸಿನವನೊಬ್ಬ ಮನೆಗೆ ಬಂದು ಅಂಗಡಿಯ ಕ್ಯಾಮೆರಾದ ಟೇಪು ತೋರಿಸಿದ. ಹುಡುಗನ ಗುರುತು ಕೇಳಲು ಬಂದದ್ದು. ಅವನು ಹೋದ ಮೇಲೂ ಅಣ್ಣ ತನ್ನ ಹತ್ತಿರ ಉಳಿದ ಪ್ರತಿಯನ್ನು ಹಿಂದೆ ತಿರುಗಿಸಿ ತಿರುಗಿಸಿ ನೋಡಿದ. ಮೂಲೆಯಲ್ಲಿ ಗಡಿಯಾರದ ಸೆಕೆಂಡುಗಳು ಓಡುತ್ತಿದ್ದವು. ಓದುವ ಕನ್ನಡಕ ಹಾಕಿಕೊಂಡು, ಎಡಗೈ ಬೆರಳನ್ನು ಟಿವಿಯ ಗಾಜಿಗೆ ಒತ್ತಿ ಎಣಿಸಿದ.

"ಇಲ್ಲಿ ಕೈ ಇಳೀತು. ಒಂದು. ಎರಡು. ಮೂರು." ಗಾಜಿನ ಮೇಲಿನ ಅಣ್ಣ ಇನ್ನೂ ಬಂದೂಕು ಎತ್ತುತ್ತಿದ್ದ. "ನಾಕಕ್ಕ ಬಂದೈತಿ. ಈಗ ಬಂದೂಕು ಎದುರಿಗೆ ಬಂತು."

ವೈನಿ, "ಸಾಕ ಆರಿಸ್ರಿ ಅದನ್ನ," ಎಂದಳು.

"ಅಲ್ಲ, ರೇಂಜಿನಾಗ ಎರಡೂವರಿ ಇದ್ದಾಂವ ಇಲ್ಲಿ ನಾಕು. ಒಂದೂವರಿ ಸೆಕೆಂಡು ನಾ ಏನ ಮಾಡಾಕತ್ತಿದ್ದೆ?" ಅವನು ನನ್ನ ಕಡೆ ತಿರುಗಿದ. "ಹೆದರಿ ನಿಂತಿದ್ದೆ. ಮತ್ತೇನು."

ನಾನು ಅಡುಗೆಮನೆಗೆ ಎದ್ದು ಹೋದೆ. ಏನೂ ಬೇಯುತ್ತಿರಲಿಲ್ಲ. ಆದರೂ ಹೋದೆ.

ನಾನು ಆವತ್ತೇ ಹೇಳಬೇಕಿತ್ತು. ಗುಂಡು ಬಿದ್ದದ್ದಕ್ಕಿಂತ ಆ ಒಂದೂವರೆ ಸೆಕೆಂಡು ಅಣ್ಣನನ್ನು ಹೆಚ್ಚು ತಿಂದಿತು. ಗಾಯ ಮಾಯ್ದ ಮೇಲೂ ಅವನು ಗಲ್ಲಾದ ಹಿಂದೆ ನಿಲ್ಲಲಿಲ್ಲ. ಅಂಗಡಿಗೆ ಬಂದರೆ ಹಿಂದಿನ ಕೋಣೆಯಲ್ಲಿ ಹಾಲಿನ ಕ್ರೇಟಿನ ಮೇಲೆ ಕೂತಿರುತ್ತಿದ್ದ. ಬಾಗಿಲ ಗಂಟೆ ಸದ್ದು ಮಾಡಿದರೆ ತಲೆ ಎತ್ತುತ್ತಿರಲಿಲ್ಲ. ಕಾಫಿ ಯಂತ್ರ ಕೆಟ್ಟು ನಿಂತಾಗ ರಿಪೇರಿಯವನಿಗೆ ಫೋನ್ ಮಾಡು ಎಂದ. ಆಗ ನನಗೆ ನಿಜವಾಗಿ ಭಯವಾಯಿತು.

ಊರಿನ ಕನ್ನಡದವರು ಒಬ್ಬರ ಮನೆಯಲ್ಲಿ ಸೇರಿದಾಗಲೂ ಅದೇ ಮಾತು. ಕಂಪ್ಯೂಟರ್ ಕೆಲಸಕ್ಕೆ ಹೊಸದಾಗಿ ಬಂದ ಬೆಂಗಳೂರಿನ ಹುಡುಗನೊಬ್ಬ ಚಿತ್ರಾನ್ನದ ತಟ್ಟೆ ಹಿಡಿದು ಅಣ್ಣನ ಪಕ್ಕ ಕೂತ.

"ಅಂಕಲ್, ನೀವು ಪ್ರತಿ ಸಂಡೇ ಪ್ರಾಕ್ಟೀಸ್ ಮಾಡ್ತಿದ್ರಂತೆ?"

"ಹೌದಪಾ."

"ಟೈಮರ್ ಇಟ್ಕೊಂಡು?"

"ಹೌದು."

"ನೋಡಿ, ಅದಕ್ಕೇ ನಾನ್ ಹೇಳೋದು, ಅದೆಲ್ಲಾ ವರ್ಕ್ ಆಗಲ್ಲ ಅಂಕಲ್. ರೇಂಜ್‌ನಲ್ಲಿ ಪೇಪರ್ ಪ್ಲೇಟ್ ತಿರುಗ್ಸಿ ಹೊಡಿಯಲ್ವಲ್ಲಾ. ರಿಯಲ್ ಲೈಫಲ್ಲಿ ಪ್ಯಾನಿಕ್ ಆಗ್ಬಿಡ್ತೀವಿ. ನಾನಾಗಿದ್ರೆ ಓಡೇ ಹೋಗ್ತಿದ್ದೆ, ಬೇಜಾರ್ ಮಾಡ್ಕೋಬೇಡಿ."

ಎಲ್ಲರೂ ನಕ್ಕರು. ಹುಡುಗ ಒಳ್ಳೆಯವನೇ, ಸಮಾಧಾನಕ್ಕೆ ಅಂದದ್ದು. ಅಣ್ಣನೂ ನಕ್ಕು ತಟ್ಟೆ ನೋಡಿಕೊಂಡ. ನಾನು ಅಲ್ಲೇ ಇದ್ದೆ. ಹುಡುಗನ ಮಾತಿನಲ್ಲಿ ಅರ್ಧ ನಿಜವಿತ್ತು. ಎದುರಿನವನು ಪಿಸ್ತೂಲನ್ನು ಆಗಲೇ ಎದೆಗೆ ಹಿಡಿದಿರುವಾಗ ಎರಡೂವರೆ ಸೆಕೆಂಡೂ ತಡವೇ. ಅದನ್ನು ಯಾವ ಡಬ್ಬಿಯೂ ಅಣ್ಣನಿಗೆ ಹೇಳಿರಲಿಲ್ಲ. ಯಾವಾಗ ಶುರು ಮಾಡಬೇಕು, ಶುರು ಮಾಡಲೇಬೇಕೇ ಎಂಬುದು ಆ ತಗಡಿನ ಶೆಡ್ಡಿನಲ್ಲಿ ಕಲಿಯುವ ವಿದ್ಯೆಯಲ್ಲ. ಆದರೆ ಇನ್ನರ್ಧ ಸುಳ್ಳು. ಅಭ್ಯಾಸ ಅಣ್ಣನಿಗೆ ಮೋಸ ಮಾಡಿರಲಿಲ್ಲ. ಕೈ ಎಷ್ಟು ಕಲಿತಿತ್ತೋ ಅಷ್ಟನ್ನೇ ಮಾಡಿತ್ತು. ಡಬ್ಬಿ ಹೇಳಿದ್ದೂ ಕ್ಯಾಮೆರಾ ಹೇಳಿದ್ದೂ ಒಂದೇ ಅಂಕಿ. ನಡುವೆ ನಿಂತು ಬೇರೆ ಹೇಳಿದವಳು ನಾನು.

ತೋಳಿಗೆ ವ್ಯಾಯಾಮ ಹೇಳಿದ್ದರು. ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಜೇಡನ ಹಾಗೆ ಮೇಲೆ ಮೇಲೆ ನಡೆಸಬೇಕು. ಎಷ್ಟು ಎತ್ತರ ಹೋಯಿತೋ ಅಲ್ಲಿ ನಾನು ಪೆನ್ಸಿಲಿನಿಂದ ಗೀಟು ಹಾಕುತ್ತಿದ್ದೆ. ಒಂದು ಬೆಳಿಗ್ಗೆ ಅಣ್ಣ ಬೆವರುತ್ತಾ, ಗೋಡೆಯಿಂದ ಮುಖ ತಿರುಗಿಸದೆ ಕೇಳಿದ.

"ನಿನ್ನೆಗಿಂತ ಮ್ಯಾಲ ಬಂತಲ್ಲ?"

ಹೌದು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದು ಕೂತಿತ್ತು. ಎಷ್ಟು ಸಲೀಸಾಗಿ ಬಂದಿತ್ತು ಎಂದು ನನಗೇ ಹೆದರಿಕೆಯಾಯಿತು.

"ಇಲ್ಲ ಅಣ್ಣಾ. ಎರಡು ಬೆರಳು ಕೆಳಗ ಐತಿ."

"ಹೌದ?" ಅವನು ಕೈ ಇಳಿಸಿದ.

"ರೇಂಜಿನಾಗೂ ನಾ ನಿನಗ ಖರೇ ಹೇಳಿಲ್ಲ."

ಅವನಿಗೆ ಅರ್ಥವಾಗಲಿಲ್ಲ. ನಾನು ನಿಂತಲ್ಲೇ ಎಲ್ಲ ಹೇಳಿದೆ. ಭುಜ ಹಿಡಿದ ದಿನದಿಂದ ಬೆರಳು ಸುಳ್ಳು ತೋರಿಸಿದ್ದು, ಗುಂಡಿ ಒತ್ತಿ ಅಳಿಸಿದ್ದು, ಎಲ್ಲ. ಅವನು ಹತ್ತಿರದಲ್ಲಿದ್ದ ಕುರ್ಚಿ ಎಳೆದುಕೊಂಡು ಕೂತ.

"ಖರೇ ಎಷ್ಟಿತ್ತು?"

"ಮೂರೂವರಿ. ಒಂದೊಂದು ಸಲ ನಾಕರ ಹತ್ರ."

"ಹಂಗಾದ್ರ ಟೇಪಿನಾಗ ಬಂದದ್ದು…"

"ನೀ ಪ್ರತಿ ವಾರ ಮಾಡಿದಷ್ಟಽ ಅಣ್ಣಾ. ಒಂದು ಚೂರೂ ತಡ ಇಲ್ಲ. ನೀ ಹೆದರಿ ನಿಂತಿದ್ದಿಲ್ಲ."

ಅವನ ಮುಖದಲ್ಲಿ ಏನೋ ಸಡಿಲವಾಯಿತು. ಬಾಯಿ ಸ್ವಲ್ಪ ತೆರೆದು, ಉಸಿರು ಬಿಟ್ಟ. ಅದನ್ನು ನೋಡಿ ನನಗೆ ಸಂತೋಷವಾಗುವಷ್ಟರಲ್ಲಿ ಅವನ ಕಣ್ಣು ನನ್ನ ಮೇಲೆ ನಿಂತಿತು.

"ಮೂರರ ಮ್ಯಾಲ ಹೋದ್ರ ಮುಟ್ಟಬ್ಯಾಡ ಅಂತ ಮುದುಕ ಹೇಳಿದ್ದು ನಿನಗ ಗೊತ್ತಿತ್ತಲ್ಲ?"

"ಗೊತ್ತಿತ್ತು."

ಆಮೇಲೆ ಅವನು ನನ್ನ ಜೊತೆ ಮಾತಾಡಲಿಲ್ಲ. ಒಂದು ವಾರದ ಮೇಲಾಯಿತು. ನಾನು ಬಡಿಸಲು ಹೋದರೆ ತಟ್ಟೆಯನ್ನು ವೈನಿಯ ಕಡೆ ಸರಿಸುತ್ತಿದ್ದ. ವೈನಿ, "ಏನಾಗೇತಿ ನಿಮ್ಮಿಬ್ಬರಿಗೆ, ಸಣ್ಣ ಹುಡುಗರಂಗ?" ಎಂದು ಕೇಳಿ ಕೇಳಿ ಬಿಟ್ಟಳು. ಅಣ್ಣ ಅವಳಿಗೂ ಹೇಳಲಿಲ್ಲ. ಆದರೆ ಆ ವಾರದಲ್ಲೇ ಅವನು ಹಿಂದಿನ ಕೋಣೆಯಿಂದ ಎದ್ದು ಬಂದು ಗಲ್ಲಾದ ಹಿಂದೆ ನಿಂತ. ಗಲ್ಲಾದ ಕೆಳಗೆ ಬಂದೂಕು ಇಡುತ್ತಿದ್ದ ಹಲಗೆಯನ್ನು ಎಡಗೈಯಲ್ಲೇ ಮೊಳೆ ಕಿತ್ತು ತೆಗೆದ. ಆಮೇಲೆ ಕಾಫಿ ಯಂತ್ರದ ಮುಚ್ಚಳ ಬಿಚ್ಚಿ, ಒಂದೇ ಕೈಗೆ ಆಗದೆ, ನನ್ನ ಕಡೆ ನೋಡದೆ, "ಆ ತಿರುಪು ಹಿಡಿ," ಎಂದ. ಹಿಡಿದೆ.

ಅದಾದ ಮೇಲೆ ಒಂದು ಹಬ್ಬದ ಊಟದಲ್ಲಿ ಅದೇ ಬೆಂಗಳೂರಿನ ಹುಡುಗ ಯಾರೋ ಹೊಸಬರಿಗೆ ಅಣ್ಣನ ಕಥೆ ಹೇಳಿ, "ಅಂಕಲ್, ಆ ಟೈಮಲ್ಲಿ ಫ್ರೀಜ್ ಆಗ್ಬಿಟ್ರಿ ಅಲ್ವಾ?" ಎಂದು ಕೇಳಿದ. ನಾನು ಬಾಯಿ ತೆರೆದೆ. ಅಣ್ಣ ನನಗಿಂತ ಮೊದಲು, "ಹೌದಪಾ, ಹೆದರಿಬಿಟ್ಟಿದ್ದೆ. ಕೈಯಽ ಏಳಲಿಲ್ಲ," ಎಂದು ಸಲೀಸಾಗಿ ಹೇಳಿ, ಮಜ್ಜಿಗೆ ಕೇಳಿದ.

ಕಾರಿನಲ್ಲಿ ವೈನಿ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು. ನಾನು ಮೆಲ್ಲಗೆ ಕೇಳಿದೆ.

"ಯಾಕ ಹಂಗಂದಿ? ನಿನಗ ಗೊತ್ತೈತೆಲ್ಲ."

"ಮತ್ತೇನ ಅನ್ನಲಿ? ನನ್ನ ತಂಗಿ ನನ್ನನ್ನ ಗುಂಡಿನ ಮುಂದ ನಿಲ್ಲಿಸಿದಳು ಅನ್ನಲೇನು ಮಂದಿ ಮುಂದ?" ಅವನು ಎಡಗೈಯಲ್ಲಿ ಸ್ಟಿಯರಿಂಗ್ ತಿರುಗಿಸಿದ. "ಹೆದರಿದ್ದ ಅಂದ್ರ ನನಗೇನ ಆಗೂದಿಲ್ಲ. ನನಗ ಗೊತ್ತಾಗೇತಿ, ಸಾಕು. ನೀ ಬಾಯಿ ಮುಚ್ಚಿಕೊಂಡಿರು."

ನಾನು ಮುಚ್ಚಿಕೊಂಡೇ ಇದ್ದೆ. ಅಂಗಡಿ ಮಾರಿ ಅವರಿಬ್ಬರೂ ನಾರ್ತ್ ಕ್ಯಾರೊಲಿನಾದ ಮಾರಿಸ್‌ವಿಲ್‌ಗೆ ಹೋಗಿ, ನಾನು ಇಲ್ಲೇ ಉಳಿದ ಮೇಲೂ. ಇಷ್ಟು ವರ್ಷ ಅಣ್ಣ ಎಲ್ಲೆಲ್ಲಿ ಆ ಮಾತು ಬಂತೋ ಅಲ್ಲೆಲ್ಲ ಹೆದರಿದೆ ಎಂದು ಹೇಳಿಕೊಂಡೇ ಬಂದ. ನಾನು ಜೊತೆಗಿದ್ದಾಗಲೆಲ್ಲ ಪಕ್ಕದಲ್ಲಿ ಕೂತು ಕೇಳಿದೆ. ಅವನು ಕೊಟ್ಟ ಶಿಕ್ಷೆ ಅದು ಎಂದು ಮೊದಮೊದಲು ಅಂದುಕೊಂಡಿದ್ದೆ. ಅಲ್ಲ. ಅವನು ನನ್ನನ್ನು ಕಾಯುತ್ತಿದ್ದ.

ಇದನ್ನು ಬರೆದು ಮುಗಿಸಿ ನಿನ್ನೆ ಫೋನಿನಲ್ಲಿ ಅವನಿಗೆ ಓದಿ ಹೇಳಿದೆ. ಕೊನೆಯವರೆಗೂ ಕೇಳಿಸಿಕೊಂಡ. ಆಮೇಲೆ, "ಚಿತ್ರಾನ್ನ ಅಲ್ಲ, ಅವತ್ತು ಪುಳಿಯೋಗರೆ ಇತ್ತು," ಎಂದ.

"ಅಚ್ಚಿಗೆ ಕೊಡಲೇನು?"

"ನಿಮ್ಮ ವೈನಿ ಓದತಾಳಲ್ಲ."

"ಓದಲಿ."

"ಆಕಿ ನನ್ನನ್ನ ಅಂಜುಬುರುಕ ಅಂತ ತಿಳಕೊಂಡು ಇಷ್ಟು ವರ್ಷ ನನಗ ಜೋರು ಮಾಡಿಲ್ಲ ನೋಡು. ಪಾಪ ಅಂತ ಬಿಟ್ಟಾಳ. ಇನ್ನ ಮ್ಯಾಲ ನನಗೂ ಐತಿ, ನಿನಗೂ ಐತಿ." ಹಿಂದೆ ವೈನಿಯ ದನಿ ಕೇಳಿಸಿತು, ಯಾರದು, ಏನಂತಾಳ ಎಂದು. ಅಣ್ಣ ಫೋನನ್ನು ಬಾಯಿಂದ ದೂರ ಹಿಡಿದು, "ನಿನಗಽ ಏನೋ ಹೇಳಬೇಕಂತ. ಕುಂತು ಕೇಳು," ಎಂದ.

ಫೋನು ಕೈ ಬದಲಾದ ಸದ್ದಾಯಿತು. "ಏನಽ ತಂಗಿ?" ಎಂದಳು ವೈನಿ. ಕಾಗದ ನನ್ನ ಮುಂದೆಯೇ ಇತ್ತು, ಆದರೆ ಅದನ್ನು ನೋಡದೆ ಹೇಳತೊಡಗಿದೆ.